ಪುಕ್ಕಟೆ ಸಿಗೋ ಓಎಸ್ ಎಷ್ಟು ಭದ್ರ? ಬನಹಟ್ಟಿಯ ಅಂಗಡಿಯಿಂದ ಕಾಸರಗೋಡಿನ ಶಾಲೆಯವರೆಗೆ

“ಪುಕ್ಕಟೆ ಕೊಡ್ತಾರಂದ್ರ ಅದರಾಗ ಏನರೆ ಐಬ ಇರಬೇಕಲ್ಲೋ ತಮ್ಮಾ?”

2023ರ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಕಾಕಾ ಕೇಳಿದ ಪ್ರಶ್ನೆ ಇದು. ರಬಕವಿ-ಬನಹಟ್ಟಿಯಲ್ಲಿ ಅವರದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಝೆರಾಕ್ಸ್, ಪ್ರಿಂಟ್, ಅರ್ಜಿ ತುಂಬೋದು, ಉತಾರ (ಪಹಣಿಗೆ ನಮ್ಮ ಕಡೆಯ ಹೆಸರು) ತೆಗೆದುಕೊಡೋದು ಅಲ್ಲಿನ ಕೆಲಸ. ಎರಡು ಹಳೇ ಕಂಪ್ಯೂಟರ್. ಎರಡರಲ್ಲೂ ಯಾರೋ ಪೆನ್‌ಡ್ರೈವ್‌ನಿಂದ ಹಾಕಿಕೊಟ್ಟ ಪೈರೇಟೆಡ್ ಓಎಸ್. ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳೋದೇ ನನ್ನ ಹೊಟ್ಟೆಪಾಡು. ಹಾಗಾಗಿ ಎರಡೂ ಯಂತ್ರಗಳಿಗೆ ಉಬುಂಟು ಲಿನಕ್ಸ್ ಹಾಕಿ, ‘ಇನ್ನು ವೈರಸ್ ಚಿಂತೆ ಬಿಡ್ರಿ’ ಅಂತ ಹೇಳಿ ಬಸ್ ಹತ್ತಿದೆ.

2025ರ ಮೇ ತಿಂಗಳಲ್ಲಿ ಮತ್ತೆ ಹೋದಾಗ ಕಾಕಾ ಖುಷಿಯಾಗಿದ್ದರು. “ಒಂದ ದಿನಾನೂ ಹ್ಯಾಂಗ್ ಆಗಿಲ್ಲ ನೋಡ್.” ನಾನು ಕೂತು ಪರಿಶೀಲಿಸಿದಾಗ ಬೆವರು ಬಂತು. ಹೊಸದು ಅಂದ್ರೆ ಒಳ್ಳೇದು ಅನ್ನೋ ಹುಂಬತನದಲ್ಲಿ ನಾನು ಹಾಕಿದ್ದು 23.10 ಅನ್ನೋ ಆವೃತ್ತಿ. ಅದಕ್ಕೆ ಸಿಗುವ ಬೆಂಬಲವೇ 9 ತಿಂಗಳು. 2024ರ ಜುಲೈಗೆ ಅದು ಮುಗಿದಿತ್ತು. ಅಲ್ಲಿಂದ ಹತ್ತು ತಿಂಗಳು ಆ ಯಂತ್ರಗಳಿಗೆ ಒಂದೇ ಒಂದು ಭದ್ರತಾ ಅಪ್‌ಡೇಟ್ ಬಂದಿರಲಿಲ್ಲ. ಅವುಗಳ ಡಿಸ್ಕ್‌ನಲ್ಲಿ ನೇಕಾರ ಸಮ್ಮಾನ್ ಅರ್ಜಿ ಹಾಕಿದವರ ಆಧಾರ್ ಪ್ರತಿ, ಪಾಸ್‌ಬುಕ್ ಫೋಟೋ, ಮೊಬೈಲ್ ನಂಬರ್ ಎಲ್ಲಾ ಇದ್ದವು. ತಪ್ಪು ಓಎಸ್‌ನದ್ದಲ್ಲ, ನನ್ನದು.

ಆ ಯಂತ್ರ ಸ್ಥಿರವಾಗಿತ್ತು, ಆದರೆ ಭದ್ರವಾಗಿರಲಿಲ್ಲ. ಎರಡೂ ಬೇರೆ ಬೇರೆ ಅನ್ನೋದು ಅರ್ಥವಾದರೆ ಮುಕ್ತ ತಂತ್ರಾಂಶದ ಬಗೆಗಿನ ಅರ್ಧ ಗೊಂದಲ ತೀರುತ್ತದೆ. ಉಳಿದರ್ಧ ರಾಜಕೀಯದ್ದು.

ಈ ಪ್ರಶ್ನೆ ಈಗ್ಯಾಕೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆಯ ಯಂತ್ರಗಳಿಗೆ ಇನ್ನೊಂದು ವರ್ಷ, ದುಡ್ಡು ಕೊಡುವ ಸಂಸ್ಥೆಗಳಿಗೆ 2028ರವರೆಗೆ ಹೆಚ್ಚುವರಿ ಅಪ್‌ಡೇಟ್ ಸಿಗುತ್ತದೆ. ಆಮೇಲೆ ಅದೂ ಇಲ್ಲ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ಅಂದರೆ ಚೆನ್ನಾಗೇ ಓಡುತ್ತಿರುವ ಎಷ್ಟೋ ಯಂತ್ರಗಳು ಕಾಗದದ ಮೇಲೆ ಸತ್ತಿವೆ.

ಜಮಖಂಡಿ, ಮುಧೋಳದ ಸೆಂಟರ್‌ಗಳಿಗೆ ಕಬ್ಬು ಬೆಳೆಗಾರರು ಉತಾರ, ಬ್ಯಾಂಕ್ ಕಾಗದ ಹಿಡಿದು ಬರುತ್ತಾರೆ. ಬೀಳಗಿಯಲ್ಲಿ ಆಲಮಟ್ಟಿ ಹಿನ್ನೀರಿಗೆ ಹೊಲ ಕಳೆದುಕೊಂಡವರು ಪರಿಹಾರದ ದಾಖಲೆ ಸ್ಕ್ಯಾನ್ ಮಾಡಿಸುತ್ತಾರೆ. ರಬಕವಿ-ಬನಹಟ್ಟಿಯಲ್ಲಿ ನೇಕಾರರು ಸಬ್ಸಿಡಿ ಅರ್ಜಿ ಹಾಕುತ್ತಾರೆ. ಇವರ ಬದುಕಿನ ಕಾಗದ ಇರೋದು ಇಂಥ ಹಳೇ ಡಿಸ್ಕ್‌ಗಳಲ್ಲೇ. ಅಂಗಡಿಯವರ ಮುಂದೆ ಮೂರು ದಾರಿ: ಸಾಲ ಮಾಡಿ ಹೊಸ ಯಂತ್ರ ತರೋದು, ಅಪ್‌ಡೇಟ್ ಇಲ್ಲದೆ ನಡೆಸೋದು, ಇಲ್ಲವೇ ಲಿನಕ್ಸ್. ಮೂರನೆಯದನ್ನು ನಾನು ಇವತ್ತಿಗೂ ಶಿಫಾರಸು ಮಾಡುತ್ತೇನೆ. ಆದರೆ ನಾನು ಮಾಡಿದ ಹಾಗಲ್ಲ.

ಮೊದಲು ನಾಲ್ಕು ಪದ

ಯಂತ್ರದ ಮೆಮೊರಿ, ಡಿಸ್ಕ್, ಕೀಬೋರ್ಡ್, ನೆಟ್‌ವರ್ಕ್ ಯಾರಿಗೆ ಯಾವಾಗ ಸಿಗಬೇಕು ಅಂತ ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಂ ಅಥವಾ ಓಎಸ್. ಅದರ ಗರ್ಭಗುಡಿ ಕರ್ನಲ್. 1991ರಲ್ಲಿ ಫಿನ್ಲೆಂಡ್‌ನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ ಲಿನಕ್ಸ್ ಇಂಥದೊಂದು ಕರ್ನಲ್. ಮುಕ್ತ ತಂತ್ರಾಂಶ ಎಂದರೆ ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಕರ್ನಲ್ ಜೊತೆಗೆ ಬ್ರೌಸರ್, ಆಫೀಸ್ ತಂತ್ರಾಂಶ, ಫಾಂಟ್ ಎಲ್ಲಾ ಸೇರಿಸಿ, ಪರೀಕ್ಷಿಸಿ, ಅಪ್‌ಡೇಟ್ ಹೊಣೆ ಹೊತ್ತು ಕೊಡುವ ಕಟ್ಟು ಡಿಸ್ಟ್ರೋ. 1993ರ ಡೆಬಿಯನ್, 2004ರ ಉಬುಂಟು ಇಂಥವು.

ಇದೇನು ಕೆಲವರ ಹವ್ಯಾಸ ಅಂದುಕೊಳ್ಳಬೇಡಿ. ನಿಮ್ಮ ಆಂಡ್ರಾಯ್ಡ್ ಫೋನ್ ಒಳಗಿರೋದು ಲಿನಕ್ಸ್ ಕರ್ನಲ್. 2017ರ ನವೆಂಬರ್‌ನಿಂದ ಜಗತ್ತಿನ ಮೊದಲ 500 ಸೂಪರ್ ಕಂಪ್ಯೂಟರ್‌ಗಳಲ್ಲಿ ಓಡುತ್ತಿರೋದೂ ಅದೇ. ‘ಪುಕ್ಕಟೆ ಅಂದ್ರೆ ಕಳಪೆ’ ಎಂಬ ಕಾಕಾನ ಅನುಮಾನಕ್ಕೆ ಇಷ್ಟು ಉತ್ತರ ಸಾಕು.

ಭದ್ರತೆ ಎಲ್ಲಿಂದ ಬರುತ್ತೆ?

ಒಂದು, ಅಧಿಕಾರದ ಹಂಚಿಕೆ. ಲಿನಕ್ಸ್‌ನಲ್ಲಿ ಮಾಮೂಲಿ ಬಳಕೆದಾರ ಬೇರೆ, ಇಡೀ ಯಂತ್ರದ ಒಡೆಯನಾದ ‘ರೂಟ್’ ಬೇರೆ. ಅರ್ಜಿ ತುಂಬುವ ಹುಡುಗನ ಖಾತೆಗೆ ವೈರಸ್ ಹೊಕ್ಕರೂ ರೂಟ್‌ನ ಪಾಸ್‌ವರ್ಡ್ ಇಲ್ಲದೆ ಇಡೀ ಯಂತ್ರವನ್ನು ಆಕ್ರಮಿಸೋದು ಕಷ್ಟ. ಆದರೆ ಆ ಹುಡುಗನ ಖಾತೆಯಲ್ಲಿರುವ ಫೈಲ್‌ಗಳು ಆಗಲೂ ಹೋಗಬಹುದು. ಅಂಗಡಿಗೆ ಬೇಕಾಗಿರೋದು ಆ ಫೈಲ್‌ಗಳೇ ಅನ್ನೋದನ್ನು ಮರೆಯಬಾರದು.

ಎರಡು, ತಂತ್ರಾಂಶ ಬರುವ ದಾರಿ. ನಮ್ಮ ಕಡೆ ವೈರಸ್ ಬರೋದು ಹೆಚ್ಚಾಗಿ ‘ಕ್ರ್ಯಾಕ್’ ಮಾಡಿದ ತಂತ್ರಾಂಶ ಮತ್ತು ಪೆನ್‌ಡ್ರೈವ್ ಮೂಲಕ. ಡಿಸ್ಟ್ರೋಗಳು ತಮ್ಮದೇ ಭಂಡಾರದಿಂದ ತಂತ್ರಾಂಶ ಕೊಡುತ್ತವೆ, ಅದಕ್ಕೆ ಡಿಜಿಟಲ್ ಸಹಿ ಇರುತ್ತದೆ. ಸಹಿ ಹೊಂದದಿದ್ದರೆ ಯಂತ್ರ ಅದನ್ನು ಒಪ್ಪುವುದಿಲ್ಲ. ಎಲ್ಲವೂ ಉಚಿತವಾದ ಕಡೆ ಕ್ರ್ಯಾಕ್ ಹುಡುಕುವ ಅಗತ್ಯವೂ ಬೀಳೋದಿಲ್ಲ.

ಮೂರು, ಬೇಲಿ. ಉಬುಂಟುವಿನಲ್ಲಿರುವ ಆಪ್‌ಆರ್ಮರ್, ರೆಡ್ ಹ್ಯಾಟ್ ಬಳಗದ ಎಸ್‌ಇಲಿನಕ್ಸ್‌ನಂಥವು ಒಂದೊಂದು ತಂತ್ರಾಂಶಕ್ಕೂ ಗಡಿ ಹಾಕುತ್ತವೆ. ಪಿಡಿಎಫ್ ತೋರಿಸುವ ತಂತ್ರಾಂಶಕ್ಕೆ ನಿಮ್ಮ ಪಾಸ್‌ವರ್ಡ್ ಫೈಲ್ ಓದುವ ಕೆಲಸವೇನು?

ನಾಲ್ಕು, ಎಲ್ಲಕ್ಕಿಂತ ದೊಡ್ಡದು, ಅಪ್‌ಡೇಟ್. ದೋಷ ಇಲ್ಲದ ಓಎಸ್ ಜಗತ್ತಿನಲ್ಲಿ ಇಲ್ಲ. ದೋಷ ಪತ್ತೆಯಾದ ಮೇಲೆ ತೇಪೆ ಎಷ್ಟು ಬೇಗ ಬರುತ್ತೆ, ಅದು ನಿಮ್ಮ ಯಂತ್ರಕ್ಕೆ ತಲುಪುತ್ತಾ ಅನ್ನೋದೇ ಲೆಕ್ಕ. 2017ರ ಮೇ 12ರಂದು ಹಬ್ಬಿದ ವಾನಾಕ್ರೈ ನೆನಪಿಸಿಕೊಳ್ಳಿ. ಅದು ಬಳಸಿದ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಕೇರಳದ ವಯನಾಡು, ಪತ್ತನಂತಿಟ್ಟ ಜಿಲ್ಲೆಗಳ ಕೆಲವು ಪಂಚಾಯಿತಿ ಕಚೇರಿಗಳ ಕಂಪ್ಯೂಟರ್‌ಗಳೂ ಆಗ ಅದರ ಬಾಯಿಗೆ ಬಿದ್ದವು.

‘ಎಲ್ಲರೂ ನೋಡ್ತಾರೆ’ ಅನ್ನೋದು ಎಷ್ಟು ನಿಜ?

ಮುಕ್ತ ತಂತ್ರಾಂಶದವರ ಹಳೇ ವಾದವೊಂದಿದೆ: ನೋಡುವ ಕಣ್ಣು ಸಾಕಷ್ಟಿದ್ದರೆ ಯಾವ ದೋಷವೂ ಬಹಳ ದಿನ ಅಡಗಿ ಕೂರುವುದಿಲ್ಲ. ನಾನೂ ಕಾಲೇಜಿನಲ್ಲಿ ಇದನ್ನು ಘೋಷಣೆ ಥರ ಹೇಳಿದವನು. ಆದರೆ ಓದಬಹುದು ಅನ್ನೋದು ಬೇರೆ, ಯಾರಾದರೂ ಓದಿದ್ದಾರೆ ಅನ್ನೋದು ಬೇರೆ.

2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ಎರಡು ವರ್ಷ ಎಲ್ಲರ ಕಣ್ಣೆದುರೇ ಕೂತಿತ್ತು. ಅಂತರ್ಜಾಲದ ಅರ್ಧ ಬೀಗಗಳು ಅದನ್ನೇ ನೆಚ್ಚಿಕೊಂಡಿದ್ದರೂ, ಪೂರ್ಣಾವಧಿ ಅದರ ಕೆಲಸ ಮಾಡುತ್ತಿದ್ದವರನ್ನು ಒಂದು ಕೈಬೆರಳಲ್ಲಿ ಎಣಿಸಬಹುದಿತ್ತು. ಅದಾದ ಮೇಲಷ್ಟೇ ದೊಡ್ಡ ಕಂಪನಿಗಳು ಲಿನಕ್ಸ್ ಫೌಂಡೇಶನ್ ಮೂಲಕ ದುಡ್ಡು ಹಾಕಲು ಮುಂದಾದವು.

2024ರದ್ದು ಇನ್ನೂ ಭಯಂಕರ. ಎಕ್ಸ್‌ಜೆಡ್ ಅನ್ನೋದು ಫೈಲ್ ಕುಗ್ಗಿಸುವ ಸಣ್ಣ ತಂತ್ರಾಂಶ, ಬಹುತೇಕ ಎಲ್ಲಾ ಲಿನಕ್ಸ್‌ಗಳಲ್ಲೂ ಇದೆ. ಅದನ್ನು ಬಿಡುವಿನ ವೇಳೆಯಲ್ಲಿ ಒಬ್ಬರೇ ನೋಡಿಕೊಳ್ಳುತ್ತಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನ ವ್ಯಕ್ತಿ ಎರಡು ವರ್ಷಕ್ಕೂ ಮಿಕ್ಕಿ ಒಳ್ಳೇ ಕೆಲಸ ಮಾಡಿಕೊಟ್ಟು ವಿಶ್ವಾಸ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲು ಇಟ್ಟ. ಸಿಕ್ಕಿಬಿದ್ದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ನಿಂದ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಅಂತ ಅವರು ಕೆದಕಿದರು. ಮಾರ್ಚ್ 29ಕ್ಕೆ ವಿಷಯ ಬಯಲಾಯಿತು.

ಈ ಕಥೆಯಲ್ಲಿ ಎರಡೂ ಪಕ್ಷಕ್ಕೆ ಪುರಾವೆ ಇದೆ. ಸಂಕೇತ ತೆರೆದಿದ್ದರಿಂದಲೇ ಹೊರಗಿನವರೊಬ್ಬರು ಅದನ್ನು ಕೆದಕಿ ಜಗತ್ತಿಗೆ ತೋರಿಸಲು ಆಯಿತು. ಸಂಬಳವಿಲ್ಲದೆ ಸುಸ್ತಾಗಿದ್ದ ಒಬ್ಬರ ಮೇಲೆ ಎಲ್ಲಾ ಭಾರ ಹಾಕಿದ್ದರಿಂದಲೇ ಕಳ್ಳ ಒಳಗೆ ಬಂದ. ಹಾಗಾಗಿ ‘ಮುಕ್ತವೋ ಮುಚ್ಚಿದ್ದೋ’ ಎಂಬ ಪ್ರಶ್ನೆಯ ಪಕ್ಕದಲ್ಲೇ ಇನ್ನೊಂದನ್ನು ಕೇಳಬೇಕು: ಇದನ್ನು ನೋಡಿಕೊಳ್ಳುವವರು ಯಾರು, ಅವರ ಸಂಬಳ ಯಾರು ಕೊಡ್ತಾರೆ?

ಸ್ಥಿರತೆಗೆ ಎರಡು ಅರ್ಥ

ಸ್ಥಿರ ಅಂದರೆ ನಡುವೆ ಕೈಕೊಡದೆ ಓಡೋದು ಅಂತ ಕಾಕಾ ತಿಳಿದಿದ್ದಾರೆ. ಆ ಅರ್ಥದಲ್ಲಿ ಲಿನಕ್ಸ್‌ಗೆ ಒಳ್ಳೇ ಹೆಸರಿದೆ. ಕರೆಂಟ್ ಹಠಾತ್ತನೆ ಹೋದರೂ ಡಿಸ್ಕ್ ಕೆಡದಂತೆ, ಮಾಡಲಿರುವ ಬದಲಾವಣೆಯನ್ನು ಮೊದಲೇ ಟಿಪ್ಪಣಿ ಮಾಡಿಟ್ಟುಕೊಳ್ಳುವ ಫೈಲ್ ವ್ಯವಸ್ಥೆ ಅದರಲ್ಲಿದೆ. ಈ ಅನುಕೂಲ ವಿಂಡೋಸ್‌ನಲ್ಲೂ ಇದೆ. ಸೇವ್ ಮಾಡದ ಅರ್ಜಿಯನ್ನು ಮಾತ್ರ ಎರಡೂ ಉಳಿಸಿಕೊಡೋದಿಲ್ಲ, ಅದಕ್ಕೆ ಯುಪಿಎಸ್ಸೇ ಬೇಕು.

ತಂತ್ರಜ್ಞರಿಗೆ ಸ್ಥಿರ ಅಂದರೆ ಬದಲಾಗದೆ ಇರೋದು. ಡೆಬಿಯನ್ ‘ಸ್ಟೇಬಲ್’ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ. ಬಂದ ಮೇಲೆ ಹೊಸ ಸೌಲಭ್ಯ ತುರುಕುವುದಿಲ್ಲ, ಭದ್ರತೆಯ ತೇಪೆಗಳನ್ನು ಮಾತ್ರ ಹಾಕುತ್ತಾರೆ. ಈ ನಿಧಾನವೂ ಒಂದು ರಕ್ಷಣೆ. ಎಕ್ಸ್‌ಜೆಡ್‌ನ ಕಳ್ಳಬಾಗಿಲು ಡೆಬಿಯನ್‌ನ ಪರೀಕ್ಷಾ ಆವೃತ್ತಿಗಳವರೆಗೆ ಬಂದಿತ್ತು, ಸ್ಟೇಬಲ್‌ಗೆ ತಲುಪಿರಲಿಲ್ಲ. ಉಬುಂಟುವಿನಲ್ಲಿ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ‘ಎಲ್‌ಟಿಎಸ್’ ಆವೃತ್ತಿಗೆ 5 ವರ್ಷದ ಬೆಂಬಲ ಇರುತ್ತದೆ. ಮಿಕ್ಕವಕ್ಕೆ 9 ತಿಂಗಳು. ನಾನು ಎಡವಿದ್ದು ಇಲ್ಲೇ.

ಬೆಂಬಲದ ಮಾತು ಮುರಿಯಲೂಬಹುದು. ಸರ್ವರ್‌ಗಳಲ್ಲಿ ಜನಪ್ರಿಯವಾಗಿದ್ದ ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತೆ ಅಂತ ನಂಬಿದ್ದೆವು. 2020ರ ಡಿಸೆಂಬರ್‌ನಲ್ಲಿ ರೆಡ್ ಹ್ಯಾಟ್ ಅದನ್ನು 2021ರ ಕೊನೆಗೇ ನಿಲ್ಲಿಸುವುದಾಗಿ ಹೇಳಿತು. ನನ್ನಂಥವರು ರಾತ್ರಿಯೆಲ್ಲಾ ಕೂತು ಸರ್ವರ್ ಸ್ಥಳಾಂತರಿಸಿದೆವು. ಆದರೆ ಮೂಲ ಸಂಕೇತ ತೆರೆದಿತ್ತಲ್ಲ, ಅದನ್ನೇ ಇಟ್ಟುಕೊಂಡು ರಾಕಿ ಲಿನಕ್ಸ್, ಆಲ್ಮಾ ಲಿನಕ್ಸ್ ಎಂಬ ಬದಲಿಗಳು ಕೆಲವೇ ತಿಂಗಳಲ್ಲಿ ಹುಟ್ಟಿದವು. ವಿಂಡೋಸ್ 10ನ್ನು ಹಾಗೆ ಯಾರೂ ಮುಂದುವರಿಸಲಾರರು. ಕಂಪನಿ ಕೈಬಿಟ್ಟರೂ ಬೇರೆಯವರು ಎತ್ತಿಕೊಳ್ಳಬಹುದು ಅನ್ನೋದೇ ಮುಕ್ತ ತಂತ್ರಾಂಶದ ನಿಜವಾದ ಬಲ.

ಒಂದೇ ಬುಟ್ಟಿಯ ಅಪಾಯ ಏನು ಅಂತ 2024ರ ಜುಲೈ 19ರಂದು ಕಂಡೆವು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಕಾಡೆ ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ನಾಳೆ ಎಲ್ಲರೂ ಒಂದೇ ಡಿಸ್ಟ್ರೋಗೆ ಜೋತುಬಿದ್ದರೆ ಲಿನಕ್ಸ್‌ನಲ್ಲೂ ಇದೇ ಆಗಬಹುದು.

ಕಾಸರಗೋಡಿನ ಕನ್ನಡ ಶಾಲೆ, ನಮ್ಮ ಕನ್ನಡ ಶಾಲೆ

ನೋಡಿಕೊಳ್ಳುವವರಿದ್ದರೆ ಏನಾಗುತ್ತೆ ಅನ್ನೋದಕ್ಕೆ ಕನ್ನಡಿಗರಿಗೆ ಹತ್ತಿರದ ಉದಾಹರಣೆ ಇರೋದು ಗಡಿಯಾಚೆ. ಕೇರಳ 2001ರಲ್ಲಿ ‘ಐಟಿ@ಸ್ಕೂಲ್’ ಶುರುಮಾಡಿತು. ಮುಂದಿನ ವರ್ಷಗಳಲ್ಲಿ ಶಾಲೆಗಳನ್ನು ಪೂರ್ತಿ ಮುಕ್ತ ತಂತ್ರಾಂಶಕ್ಕೆ ತಂದಿತು. 2017ರಲ್ಲಿ ಅದು ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಉಬುಂಟುವಿನ ಎಲ್‌ಟಿಎಸ್ ಆವೃತ್ತಿಯನ್ನು ಶಾಲೆಗೆ ತಕ್ಕಂತೆ ತಿದ್ದಿ ‘ಕೈಟ್ ಗ್ನು/ಲಿನಕ್ಸ್’ ಎಂದು ಅದು ಕೊಡುತ್ತದೆ. ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯೋದು ಇದರಲ್ಲೇ. ಅವರ ಐಟಿ ಪಠ್ಯಪುಸ್ತಕ ಕನ್ನಡದಲ್ಲೂ ಇದೆ, ಎಸ್‌ಎಸ್‌ಎಲ್‌ಸಿಯ ಐಟಿ ಪ್ರಾಯೋಗಿಕ ಪರೀಕ್ಷೆಯೂ ಇದರಲ್ಲೇ ನಡೆಯುತ್ತದೆ. 2018ರಲ್ಲಿ ಶುರುವಾದ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಕ್ಲಬ್‌ಗಳು ಮಕ್ಕಳನ್ನೇ ತಂತ್ರಾಂಶದ ಕೆಲಸಕ್ಕೆ ಹಚ್ಚಿದವು.

ಇದರಿಂದ 3,000 ಕೋಟಿ ರೂಪಾಯಿ ಉಳಿಯುತ್ತದೆ ಅಂತ ಕೈಟ್ 2019ರಲ್ಲಿ ಹೇಳಿಕೊಂಡಿತ್ತು. ಪ್ರತಿ ಯಂತ್ರಕ್ಕೂ ಎಲ್ಲಾ ತಂತ್ರಾಂಶದ ಪರವಾನಗಿ ಕೊಂಡಿದ್ದರೆ ಎಂಬ ಊಹೆಯ ಮೇಲೆ ಮಾಡಿದ ಲೆಕ್ಕ ಅದು, ಸ್ವಲ್ಪ ಉಬ್ಬಿದೆ. ನನ್ನ ಕಣ್ಣಿಗೆ ಉಳಿತಾಯಕ್ಕಿಂತ ದೊಡ್ಡದಾಗಿ ಕಾಣೋದು ಅಪ್‌ಡೇಟ್‌ನ ಹೊಣೆ ಒಂದು ಸಾರ್ವಜನಿಕ ಸಂಸ್ಥೆಯ ಹೆಗಲ ಮೇಲಿರೋದು.

ಅದೇ ಕಾಲದಲ್ಲಿ ಕರ್ನಾಟಕ ಪ್ರೌಢಶಾಲೆಗಳ ಕಂಪ್ಯೂಟರ್ ಶಿಕ್ಷಣವನ್ನು ಬಹುಪಾಲು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. ಕಟ್ಟು, ನಡೆಸು, ಅವಧಿ ಮುಗಿದ ಮೇಲೆ ಹಸ್ತಾಂತರಿಸು ಎಂಬ ಮಾದರಿ ಅದು. ಹಸ್ತಾಂತರದ ಮರುದಿನದಿಂದ ಅಪ್‌ಡೇಟ್ ಯಾರ ಕೆಲಸ? ಮುಖ್ಯೋಪಾಧ್ಯಾಯರದ್ದಾ? ಇದರ ನಡುವೆಯೂ ಡಿಎಸ್‌ಇಆರ್‌ಟಿ ಮತ್ತು ‘ಐಟಿ ಫಾರ್ ಚೇಂಜ್’ ಸೇರಿ ಶಿಕ್ಷಕರಿಗೆ ಉಬುಂಟು ಕಲಿಸಿದ, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಕಟ್ಟಿದ ಒಳ್ಳೇ ಪ್ರಯತ್ನ ನಡೆದಿದೆ. ಇಲ್ಲಿ ಜ್ಞಾನ ಇಲ್ಲ ಅಂತಲ್ಲ, ಅದನ್ನು ಉಳಿಸಿಕೊಳ್ಳುವ ಖಾಯಂ ವ್ಯವಸ್ಥೆ ಇಲ್ಲ.

‘ಇದರಾಗ ನುಡಿ ಓಡತೈತೇನ?’

ಕಾಕಾ ಕೇಳಿದ ಎರಡನೇ ಪ್ರಶ್ನೆ ಇದು. ಡಿಟಿಪಿ ಅಂಗಡಿಗಳು ಲಿನಕ್ಸ್‌ಗೆ ಬರದಿರಲು ದೊಡ್ಡ ಕಾರಣವೂ ಇದೇ. ನುಡಿ ತಂತ್ರಾಂಶ ಬಂದದ್ದು ವಿಂಡೋಸ್‌ಗಾಗಿ. ಹಳೇ ಕಡತಗಳು ಯೂನಿಕೋಡ್‌ನಲ್ಲಿಲ್ಲ, ನುಡಿಯ ಫಾಂಟ್ ಇಲ್ಲದಿದ್ದರೆ ಅಕ್ಷರ ಕಲಸುಮೇಲೋಗರವಾಗುತ್ತದೆ. ಹೀಗೆ ನಮ್ಮದೇ ಭಾಷೆಯ ಕಡತಗಳು ನಮ್ಮನ್ನು ಒಂದು ಕಂಪನಿಯ ಓಎಸ್‌ಗೆ ಕಟ್ಟಿಹಾಕಿವೆ.

ಗಂಟು ಬಿಚ್ಚಲು ದಾರಿ ಇದೆ. ಕೆ.ಪಿ. ರಾವ್ ರೂಪಿಸಿದ, ನುಡಿಯಲ್ಲೂ ಇರುವ ಕೀಲಿಮಣೆ ವಿನ್ಯಾಸ ‘ಕಗಪ’ ಎಂಬ ಹೆಸರಲ್ಲಿ ಲಿನಕ್ಸ್‌ನ ಒಳಗೇ ಇದೆ. ಬೆರಳಿಗೆ ಹೊಸ ಅಭ್ಯಾಸ ಬೇಕಿಲ್ಲ. ಗುಬ್ಬಿ, ನವಿಲು, ಲೋಹಿತ್, ನೋಟೋ ಫಾಂಟ್‌ಗಳು ಉಚಿತ. ಹಳೇ ನುಡಿ ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಸ್ವಯಂಸೇವಕರೇ ಮಾಡಿಟ್ಟಿದ್ದಾರೆ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ ನೋಡಬೇಕು, ಅಷ್ಟೇ.

ಅಂಗಡಿಗೆ ಹಾಕುವ ಮುನ್ನ

ಈಗ ಯಾರಾದರೂ ಕೇಳಿದರೆ ನಾನು ಹೇಳೋದು ಇಷ್ಟು.

• ಮೊದಲು ಎಲ್ಲಾ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿ, ಆ ಡಿಸ್ಕ್ ಬಿಚ್ಚಿಡಿ. ಮುಂದೆಯೂ ವಾರಕ್ಕೊಮ್ಮೆ ಇದನ್ನು ಮಾಡಿ.

• ಏನನ್ನೂ ಅಳಿಸದೆ, ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ನೋಡಿ. ಪ್ರಿಂಟರ್, ಸ್ಕ್ಯಾನರ್ ಕೆಲಸ ಮಾಡ್ತಾವಾ? ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್‌ಗೆ ಲಿನಕ್ಸ್ ಡ್ರೈವರ್ ಇದೆಯಾ? ಇಲ್ಲದಿದ್ದರೆ ಆ ಕೆಲಸಕ್ಕೆ ಬೆಂಬಲ ಇರುವ ವಿಂಡೋಸ್ ಯಂತ್ರ ಒಂದನ್ನು ಉಳಿಸಿಕೊಳ್ಳಿ. ಹಠ ಬೇಡ.

• ಡೆಬಿಯನ್ ಸ್ಟೇಬಲ್ ಅಥವಾ ಉಬುಂಟು ಎಲ್‌ಟಿಎಸ್ ಮಾತ್ರ ಹಾಕಿ. ಭದ್ರತಾ ಅಪ್‌ಡೇಟ್ ತಾನಾಗೇ ಆಗುವಂತೆ ಇಡಿ. ಉಬುಂಟುವಿನ 5 ವರ್ಷದ ಬೆಂಬಲ ಮುಖ್ಯ ಭಂಡಾರಕ್ಕೆ ಮಾತ್ರ. ಉಳಿದ ತಂತ್ರಾಂಶಗಳಿಗೂ ಬೇಕಾದರೆ ‘ಉಬುಂಟು ಪ್ರೊ’ಗೆ ನೋಂದಾಯಿಸಿ, 5 ಯಂತ್ರಗಳವರೆಗೆ ಅದು ಉಚಿತ.

• ಹಾಕುವಾಗಲೇ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ. ಯಂತ್ರ ಕಳುವಾದರೂ ಆಧಾರ್ ಪ್ರತಿಗಳು ಕಳ್ಳನಿಗೆ ಓದಲು ಸಿಗೋದಿಲ್ಲ.

• ಕೆಲಸದ ಹುಡುಗರಿಗೆ ಬೇರೆ ಖಾತೆ ಕೊಡಿ, ರೂಟ್ ಪಾಸ್‌ವರ್ಡ್ ಬೇಡ.

• ಕೆಲಸ ಮುಗಿದ ಮೇಲೆ ಗಿರಾಕಿಯ ದಾಖಲೆ ಅಳಿಸಿ. ಇಲ್ಲದ ಫೈಲನ್ನು ಯಾರೂ ಕದಿಯಲಾರರು.

ಸರ್ಕಾರಕ್ಕೆ ಕೇಳಬೇಕಾದ ಪ್ರಶ್ನೆ

ಕೇಂದ್ರ ಸರ್ಕಾರ 2015ರಲ್ಲೇ ತನ್ನ ಇಲಾಖೆಗಳು ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿ ತಂದಿದೆ. ಇಷ್ಟವಿದ್ದರೆ ರಾಜ್ಯಗಳೂ ಅದನ್ನು ಒಪ್ಪಿಕೊಳ್ಳಬಹುದು. 2023ರಲ್ಲಿ ರಕ್ಷಣಾ ಸಚಿವಾಲಯ ಉಬುಂಟು ಆಧರಿಸಿದ ‘ಮಾಯಾ’ ಓಎಸ್ ಕಡೆ ಹೊರಳಿತು. 2025ರ ನವೆಂಬರ್‌ನಲ್ಲಿ ನಮ್ಮ ಕಿಯೋನಿಕ್ಸ್, ಲಿನಕ್ಸ್ ಆಧಾರಿತ ‘ಕಿಯೋ’ ಎಂಬ ಪುಟ್ಟ ಕಂಪ್ಯೂಟರನ್ನು 18,999 ರೂಪಾಯಿಗೆ ಬಿಡುಗಡೆ ಮಾಡಿತು. ಅದರ ಪ್ರೊಸೆಸರ್ ಕೂಡ ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ್ದು. ಇದು ಸಂತೋಷದ ಸುದ್ದಿ. ಆದರೆ ಬಿಡುಗಡೆಯ ದಿನದ ಫೋಟೋಗಿಂತ ನನಗೆ ಮುಖ್ಯವಾದದ್ದು ಐದನೇ ವರ್ಷದ ಅಪ್‌ಡೇಟ್. ಅದು ಎಷ್ಟು ವರ್ಷ ಬರುತ್ತೆ ಅಂತ ಡಬ್ಬದ ಮೇಲೆ ಬರೆದಿರಬೇಕು. ಕೆಟ್ಟರೆ ಬಾಗಲಕೋಟೆ ಜಿಲ್ಲೆಯಲ್ಲಿ ಯಾರನ್ನು ಕೇಳಬೇಕು ಅನ್ನೋದೂ ಇರಬೇಕು. ನಿಮ್ಮೂರಿಗೆ ಶಾಸಕರು ಕಂಪ್ಯೂಟರ್ ಹಂಚಲು ಬಂದಾಗ ಕೇಳಿ ನೋಡಿ. ಎಷ್ಟು ಯಂತ್ರ ಅಂತ ಅವರು ಹೇಳ್ತಾರೆ. ನೋಡಿಕೊಳ್ಳೋರು ಯಾರು ಅಂತ ನೀವು ಕೇಳಬೇಕು.

ಕಾಕಾನ ಎರಡು ಯಂತ್ರಗಳ ಪೈಕಿ ಒಂದಕ್ಕೆ ಈಗ 24.04 ಎಲ್‌ಟಿಎಸ್ ಹಾಕಿದ್ದೇನೆ. ಇನ್ನೊಂದನ್ನು ಬೆರಳಚ್ಚಿನ ಕೆಲಸಕ್ಕೆಂದು ಪರವಾನಗಿ ಇರುವ ವಿಂಡೋಸ್‌ನಲ್ಲೇ ಬಿಟ್ಟಿದ್ದೇನೆ. ಮನೆಯ ಹಿಂದೆ ಅವರ ನಾಲ್ಕು ಪವರ್‌ಲೂಮ್ ಇವೆ. ಅಪ್‌ಡೇಟ್ ಅಂದರೇನು ಅಂತ ವಿವರಿಸುತ್ತಿದ್ದಾಗ ಅವರೇ ಅಂದರು: “ಮಗ್ಗ ಓಡಾಕತ್ತೈತಿ ಅಂತ ಎಣ್ಣಿ ಬಿಡೂದು ಬಿಟ್ರ ಹೆಂಗ? ಹಂಗ ಅನ್ನು.” ಗೋಡೆಯ ಕ್ಯಾಲೆಂಡರ್ ಪಕ್ಕ ಮಾರ್ಕರ್‌ನಲ್ಲಿ ದೊಡ್ಡದಾಗಿ ‘2029’ ಅಂತ ಬರೆದಿದ್ದಾರೆ. ಆ ಯಂತ್ರದ ಬೆಂಬಲ ಮುಗಿಯುವ ವರ್ಷ ಅದು. ಅಷ್ಟರೊಳಗೆ ನಾನು ಊರಿಗೆ ಬಂದು ಹೊಸದು ಹಾಕಿಕೊಡಬೇಕು ಅನ್ನೋದು ನಮ್ಮಿಬ್ಬರ ಕರಾರು.